ಕರುಳು ಸೋರುತ್ತಿದೆ ಎಂದರೆ ನಿಜಕ್ಕೂ ಏನು ಸೋರುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಎಂಟು ತಿಂಗಳ ಹಿಂದೆ ಜೋರು ವಾಂತಿ-ಭೇದಿಯಾಗಿ ನಾಲ್ಕು ದಿನ ಮಲಗಿಬಿಟ್ಟಿದ್ದೆ. ಅದೇನೋ ವಾಸಿಯಾಯಿತು, ಆದರೆ ಹೊಟ್ಟೆ ಮೊದಲಿನ ಹಾಗೆ ಆಗಲೇ ಇಲ್ಲ. ಊಟವಾದ ಮೇಲೆ ಉಬ್ಬರ, ದಿನಕ್ಕೆ ಮೂರು-ನಾಲ್ಕು ಸಲ ತೆಳುವಾಗಿ ಹೋಗುತ್ತದೆ, ಸದಾ ಸುಸ್ತು. ಮಂಡಿನೋವಿಗೆ ವಾರದಲ್ಲಿ ನಾಲ್ಕೈದು ದಿನ ನೋವಿನ ಮಾತ್ರೆ ನುಂಗುತ್ತೇನೆ. ಪರಿಚಯದವರ ಮಾತು ಕೇಳಿ ಮಲದಲ್ಲಿ ಝೋನ್ಯುಲಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿದೆ, ಜಾಸ್ತಿ ಬಂತು. 'ನಿಮ್ಮ ಕರುಳಿನ ಟೈಟ್ ಜಂಕ್ಷನ್ ಒಡೆದಿದೆ, ವಿಷವೆಲ್ಲ ರಕ್ತಕ್ಕೆ ಸೋರುತ್ತಿದೆ' ಎಂದು ಹೇಳಿ ಗೋಧಿ, ಹಾಲು ಎರಡನ್ನೂ ಬಿಡಿಸಿದರು. ಒಂದು ಪುಡಿಯನ್ನೂ ಕೊಟ್ಟಿದ್ದಾರೆ. ಮೂರು ತಿಂಗಳಲ್ಲಿ ಐದು ಕೆಜಿ ಇಳಿದಿದ್ದೇನೆ. ಉಬ್ಬರ ಸ್ವಲ್ಪ ಕಡಿಮೆಯಾಗಿದೆ, ಉಳಿದದ್ದು ಹಾಗೇ ಇದೆ. ಒಡೆದದ್ದು ಮತ್ತೆ ಕೂಡಿಕೊಳ್ಳುತ್ತದೆಯೇ? ಪರೀಕ್ಷೆ ಮತ್ತೆ ಮಾಡಿಸಬೇಕೇ? ನನ್ನ ಮಗಳಿಗೂ ಇದು ಬರಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ಝೋನ್ಯುಲಿನ್. ಎರಡನೇ ಸಲ ಕಣ್ಣು ನಿಂತದ್ದು ಇಳಿದ ಐದು ಕೆಜಿಯ ಮೇಲೆ, ಮತ್ತೆ ಆ ನೋವಿನ ಮಾತ್ರೆಯ ಮೇಲೆ. ನನಗೆ ಯೋಚನೆ ಇರುವುದು ಈ ಎರಡರ ಬಗ್ಗೆ. ಅಲ್ಲಿಗೆ ಬರುತ್ತೇನೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು 'ಒಡೆದಿದೆ' ಎಂಬ ಮಾತು ಅಲ್ವಾ? ಮೊದಲು ಅದನ್ನು ನೋಡೋಣ.

ಕರುಳಿನ ಒಳಪೊರೆ ಎಂದರೆ ಒಂದೇ ಒಂದು ಸಾಲು ಜೀವಕೋಶ. ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತವೆ. ಒಂದು ಕಡೆ ನೀವು ತಿಂದದ್ದು, ಜೊತೆಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇನ್ನೊಂದು ಕಡೆ ನಿಮ್ಮ ರಕ್ತ. ನಡುವೆ ಇರುವುದು ಈ ಒಂದು ಸಾಲು, ಅದರ ಮೇಲೆ ಲೋಳೆಯ ಹೊದಿಕೆ. ದೇಹಕ್ಕೆ ಬೇಕಾದ ಹೆಚ್ಚಿನ ವಸ್ತುಗಳು ಕೋಶದ ಒಳಗಿಂದಲೇ ಹಾದು ಹೋಗುತ್ತವೆ. ಆದರೆ ಎರಡು ಕೋಶಗಳ ಮಧ್ಯೆ ಒಂದು ಸಂದು ಇರುತ್ತದಲ್ಲ, ಅದೂ ಒಂದು ದಾರಿಯೇ. ಆ ಸಂದಿನ ಬಾಯಲ್ಲಿ, ಕೋಶದ ಕತ್ತಿನ ಸುತ್ತ, ಎರಡೂ ಕೋಶಗಳ ಪೊರೆಯನ್ನು ಸೇರಿಸಿ ಹಾಕಿದ ಹೊಲಿಗೆಯೇ ಟೈಟ್ ಜಂಕ್ಷನ್.

ಈ ಹೊಲಿಗೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ತೋರಿಸಿದವರು ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ, 1963ರಲ್ಲಿ. ಹೊಲಿದ ದಾರ ಯಾವುದು ಎಂಬುದು ಮಾತ್ರ ಮೂವತ್ತು ವರ್ಷ ಸಿಕ್ಕಿರಲಿಲ್ಲ. 1993ರಲ್ಲಿ ಜಪಾನಿನ ಶೋಯಿಚಿರೋ ತ್ಸುಕಿತ ಅವರ ತಂಡಕ್ಕೆ ಆಕ್ಲೂಡಿನ್ ಎಂಬ ಪ್ರೋಟೀನ್ ಸಿಕ್ಕಿತು. ಇದೇ ದಾರ ಎಂದುಕೊಂಡರು. ನೋಡಿದರೆ ಆಕ್ಲೂಡಿನ್ ಇಲ್ಲದ ಕೋಶಗಳೂ ಟೈಟ್ ಜಂಕ್ಷನ್ ಕಟ್ಟುತ್ತಿದ್ದವು! ಹಾಗಾದರೆ ಬೇರೇನೋ ಇದೆ ಎಂದು ಅದೇ ತಂಡ ಹುಡುಕುತ್ತಾ ಹೋಗಿ 1998ರಲ್ಲಿ ಕ್ಲಾಡಿನ್ ಕಂಡುಹಿಡಿಯಿತು. ಲ್ಯಾಟಿನ್ನಿನಲ್ಲಿ 'ಮುಚ್ಚು' ಎಂಬ ಅರ್ಥದ ಪದದಿಂದ ಬಂದ ಹೆಸರು ಇದು. ಈಗ ಇಪ್ಪತ್ತಕ್ಕೂ ಹೆಚ್ಚು ಬಗೆಯ ಕ್ಲಾಡಿನ್ ಗೊತ್ತಿವೆ. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದದ್ದು ಮುಂದಿನ ತಿರುವು. ಮುಚ್ಚುವ ಪ್ರೋಟೀನ್ ಎಂದು ಹೆಸರಿಟ್ಟ ಈ ಕುಟುಂಬದಲ್ಲಿ ಕೆಲವದರ ಕೆಲಸವೇ ತೆರೆಯುವುದು.

ಕ್ಲಾಡಿನ್-2 ನೋಡಿ. ಇದು ಸಂದಿನಲ್ಲಿ ಒಂದು ನ್ಯಾನೊಮೀಟರಿಗಿಂತ ಸಣ್ಣ ರಂಧ್ರ ಮಾಡಿಕೊಡುತ್ತದೆ. ಸೋಡಿಯಂ, ಪೊಟ್ಯಾಸಿಯಂ ಮತ್ತು ನೀರು ಅದರಲ್ಲಿ ಓಡಾಡುತ್ತವೆ. ಕ್ಲಾಡಿನ್-15 ಕೂಡ ಹೀಗೆಯೇ. ಈ ಎರಡೂ ಇಲ್ಲದಂತೆ ಮಾಡಿದ ಇಲಿಮರಿಗಳು ಹೊಟ್ಟೆಗೆ ಹಾಲು ಸಿಕ್ಕರೂ ಪೋಷಣೆ ಸಿಗದೆ ಸತ್ತವು. ಸಕ್ಕರೆಯನ್ನು ಹೀರಿಕೊಳ್ಳಲು ಕರುಳಿನೊಳಗೆ ಸೋಡಿಯಂ ಇರಬೇಕು. ಆ ಸೋಡಿಯಂ ವಾಪಸ್ ಬರುವುದು ಈ ಸಂದಿನ ದಾರಿಯಲ್ಲೇ. ಅಂದರೆ ಪೂರ್ತಿ ಬಿಗಿಯಾದ ಕರುಳು ನಮಗೆ ಬೇಡವೇ ಬೇಡ. ಎಲ್ಲರ ಕರುಳೂ ಒಂದು ಅಳತೆಯಲ್ಲಿ ಸೋರುತ್ತಲೇ ಇರುತ್ತದೆ, ನಿಮ್ಮದೂ, ನನ್ನದೂ.

ಚರ್ಮದಲ್ಲಿ ಇದು ಉಲ್ಟಾ. ಅಲ್ಲಿ ಕ್ಲಾಡಿನ್-1 ಇಲ್ಲದ ಇಲಿಮರಿ ಹುಟ್ಟಿದ ಒಂದು ದಿನದೊಳಗೆ ಮೈಯ ನೀರೆಲ್ಲ ಆರಿ ಸಾಯುತ್ತದೆ. ಎಲ್ಲಿ ಎಷ್ಟು ಬಿಗಿ ಇರಬೇಕು ಎಂಬುದನ್ನು ಯಾವ ಕ್ಲಾಡಿನ್ ಎಷ್ಟಿದೆ ಎಂಬುದೇ ತೀರ್ಮಾನಿಸುತ್ತದೆ.

ಇನ್ನು ಈ ಹೊಲಿಗೆಯನ್ನು ಬಿಗಿ-ಸಡಿಲ ಮಾಡುವವರು ಯಾರು? ಕ್ಲಾಡಿನ್, ಆಕ್ಲೂಡಿನ್ ಎರಡೂ ಕೋಶದ ಒಳಗಡೆ ಝಡ್‌ಒ-1 ಎಂಬ ಕೊಕ್ಕೆಯಂಥ ಪ್ರೋಟೀನಿಗೆ ಸಿಕ್ಕಿಕೊಂಡಿರುತ್ತವೆ. ಆ ಕೊಕ್ಕೆ ಕೋಶದ ಕತ್ತಿನ ಸುತ್ತ ಇರುವ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳಿಗೆ ಕಟ್ಟಿಕೊಂಡಿರುತ್ತದೆ. ಬಟ್ಟೆ ಚೀಲದ ಬಾಯಲ್ಲಿ ಲಾಡಿ ಇರುತ್ತದಲ್ಲ, ಹಾಗೆ. ಲಾಡಿ ಎಳೆದರೆ ಕೋಶದ ಕತ್ತು ಕುಗ್ಗುತ್ತದೆ, ಪಕ್ಕದ ಕೋಶದ ಜೊತೆಗಿನ ಹೊಲಿಗೆ ಜಗ್ಗಿ ಸಡಿಲವಾಗುತ್ತದೆ. ಲಾಡಿ ಎಳೆಯುವ ಕಿಣ್ವದ ಹೆಸರು ಮಯೋಸಿನ್ ಲೈಟ್ ಚೈನ್ ಕೈನೇಸ್. ಊಟದ ಸಕ್ಕರೆ ಕೋಶದೊಳಗೆ ಬರುವಾಗ ಇದು ಮೆಲ್ಲಗೆ ಎಳೆಯುತ್ತದೆ, ಆಮೇಲೆ ಬಿಡುತ್ತದೆ. ಕರುಳಿನಲ್ಲಿ ಉರಿಯೂತ ಇದ್ದರೆ ಟಿಎನ್‌ಎಫ್ ಎಂಬ ಸಂದೇಶವಾಹಕ ಇದನ್ನು ಕೆಣಕುತ್ತದೆ. ಆಗ ಲಾಡಿ ಎಳೆದೇ ಇರುತ್ತದೆ.

ವೈದ್ಯನಾಗಿ ರೋಗಿಗಳನ್ನು ನೋಡುವ ಮುಂಚೆ ಒಂದಷ್ಟು ಕಾಲ ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡಿದ್ದೇನೆ. ಕರುಳಿನ ಕೋಶಗಳನ್ನು ಸಣ್ಣ ಜರಡಿಯಂಥ ಪೊರೆಯ ಮೇಲೆ ಬೆಳೆಸುತ್ತೇವೆ. ಒಂದು ಹೊದಿಕೆಯಾಗಿ ಕೂಡಿಕೊಳ್ಳಲು ಮೂರು ವಾರ ಬೇಕು. ಮೇಲೊಂದು ಕೆಳಗೊಂದು ಕಡ್ಡಿ ಇಟ್ಟು ವಿದ್ಯುತ್ ರೋಧ ಅಳೆಯುತ್ತೇವೆ. ಸಂದು ಬಿಗಿಯಾದಷ್ಟೂ ಮೀಟರಿನಲ್ಲಿ ಓಮ್ ಜಾಸ್ತಿ. ದಿನಾ ಬೆಳಗ್ಗೆ ಆ ಅಂಕಿ ಏರುವುದನ್ನು ನೋಡುವುದೇ ಒಂದು ಸಂಭ್ರಮ. ಒಂದು ದಿನ ಕಲಿಸುವವರು ಆ ದ್ರವದಿಂದ ಕ್ಯಾಲ್ಸಿಯಂ ಹೀರುವ ರಾಸಾಯನಿಕ ಹಾಕಿಸಿದರು. ಕೋಶಗಳು ಒಂದನ್ನೊಂದು ಹಿಡಿದುಕೊಳ್ಳಲು ಕ್ಯಾಲ್ಸಿಯಂ ಬೇಕು. ಕೆಲವೇ ನಿಮಿಷ, ಮೂರು ವಾರ ಏರಿದ್ದ ಅಂಕಿ ಕಣ್ಣೆದುರೇ ಕುಸಿಯಿತು. ನನಗೆ ಅಳು ಬರುವುದೊಂದು ಬಾಕಿ. 'ಕ್ಯಾಲ್ಸಿಯಂ ವಾಪಸ್ ಹಾಕಿ, ಊಟ ಮಾಡಿ ಬಾ' ಎಂದರು. ಸಂಜೆಗೆ ಬಂದು ನೋಡಿದರೆ ಅಂಕಿ ಮತ್ತೆ ಮೇಲಕ್ಕೆ ಹತ್ತುತ್ತಿತ್ತು. ಕೋಶಗಳು ಅವೇ. ತಾವೇ ಹೊಲಿಗೆ ಹಾಕಿಕೊಂಡಿದ್ದವು.

ಹಾಗಾಗಿ 'ಒಡೆದಿದೆ' ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಲು ಆಗುವುದಿಲ್ಲ. ಟೈಟ್ ಜಂಕ್ಷನ್ ಗಂಟೆಗಂಟೆಗೂ ಬಿಚ್ಚಿ ಕಟ್ಟುವ ವಸ್ತು. ಅಷ್ಟೇ ಅಲ್ಲ, ಕರುಳಿನ ಒಳಪೊರೆಯ ಕೋಶಗಳೇ ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದು ಬರುತ್ತವೆ. ಎಂಟು ತಿಂಗಳ ಹಿಂದೆ ಭೇದಿಯಾದಾಗ ಇದ್ದ ಕೋಶ ಈಗ ನಿಮ್ಮಲ್ಲಿ ಒಂದೂ ಉಳಿದಿಲ್ಲ ಎನ್ನಬಹುದು. ಕೂಡಿಕೊಳ್ಳುತ್ತದೆಯೇ ಎಂದು ಕೇಳಿದಿರಿ. ಕೂಡಿಕೊಳ್ಳಲು ಬಿಡದ ಕಾರಣ ಒಂದಿದ್ದರೆ ಅದನ್ನು ತೆಗೆಯಬೇಕು, ಅಷ್ಟೇ.

'ವಿಷವೆಲ್ಲ ರಕ್ತಕ್ಕೆ' ಎಂಬ ಮಾತಿಗೂ ಅಳತೆ ಇಡೋಣ. ಲಾಡಿ ಎಳೆದು ಸಡಿಲವಾದ ಸಂದಿನಲ್ಲಿ ಸುಮಾರು 10 ನ್ಯಾನೊಮೀಟರ್ ತನಕದ ಅಣುಗಳು ನುಸುಳಬಹುದು. ಒಂದು ಬ್ಯಾಕ್ಟೀರಿಯಾದ ಉದ್ದವೇ ಸಾವಿರ ನ್ಯಾನೊಮೀಟರಿನ ಆಸುಪಾಸು. ಅದು ಈ ಸಂದಿನಲ್ಲಿ ತೂರಲಾರದು. ಬ್ಯಾಕ್ಟೀರಿಯಾ ಗುಂಪುಗುಂಪಾಗಿ ಒಳಗೆ ನುಗ್ಗಬೇಕಾದರೆ ಸಾಮಾನ್ಯವಾಗಿ ಕೋಶಗಳೇ ಸತ್ತು ಹುಣ್ಣಾಗಿರಬೇಕು. ಅಂಥ ಹುಣ್ಣು ಬೇರೆಯದೇ ಕಾಯಿಲೆ, ಅದನ್ನು ಎಂಡೋಸ್ಕೋಪಿಯಲ್ಲಿ ಕಣ್ಣಾರೆ ನೋಡಬಹುದು.

ಹಾಗಂತ ಸೋರುವಿಕೆ ಎಂಬುದೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲೇ ಕೆಲವು ವೈದ್ಯರು ಈ ಮಾತು ಎತ್ತಿದ ಕೂಡಲೇ 'ಅದೆಲ್ಲ ಸುಮ್ನೆ' ಎಂದು ಕಳಿಸಿಬಿಡುತ್ತಾರೆ. ಅದು ತಪ್ಪು. ಕ್ರೋನ್ಸ್ ಎಂಬ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ ಇರುವವರಲ್ಲಿ, ಗೋಧಿಯ ಗ್ಲುಟನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಕೆಡುವ ಸೀಲಿಯಾಕ್ ಇರುವವರಲ್ಲಿ ಸಂದಿನ ಸೋರಿಕೆ ಜಾಸ್ತಿ ಇರುವುದು ಅಳೆದು ತೋರಿಸಿದ ಸಂಗತಿ. ಕ್ರೋನ್ಸ್ ರೋಗಿಗಳ ಆರೋಗ್ಯವಂತ ಒಡಹುಟ್ಟಿದವರು, ಮಕ್ಕಳಲ್ಲಿ ಕೂಡ ಕೆಲವರಿಗೆ ಸೋರಿಕೆ ಜಾಸ್ತಿ ಇರುತ್ತದೆ, ಅಂಥವರಿಗೆ ಮುಂದೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಪ್ರಶ್ನೆ ಇರುವುದು ಸೋರಿಕೆಯೊಂದೇ ಕಾಯಿಲೆ ತರುತ್ತದೆಯೇ ಎಂಬಲ್ಲಿ. 2009ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ, ಆ ಲಾಡಿ ಎಳೆಯುವ ಕಿಣ್ವ ಹುಟ್ಟಿನಿಂದಲೇ ಸದಾ ಚಾಲೂ ಇರುವಂಥ ಇಲಿಗಳನ್ನು ಮಾಡಿದರು. ಅವುಗಳ ಕರುಳು ಜೀವನಪೂರ್ತಿ ಸೋರಿತು. ಆದರೂ ಅವು ತಿಂದುಂಡು ಚೆನ್ನಾಗಿ ಬೆಳೆದವು, ಕಾಯಿಲೆ ಬೀಳಲಿಲ್ಲ. ಬೇರೆ ಕಾರಣದಿಂದ ಉರಿಯೂತ ತಂದಾಗ ಮಾತ್ರ ಇವುಗಳಿಗೆ ಉಳಿದವಕ್ಕಿಂತ ಜೋರಾಗಿ ಬಂತು. ನಾನು ಸೋರಿಕೆಯನ್ನು ಜ್ವರದ ಹಾಗೆ ನೋಡುತ್ತೇನೆ. ಜ್ವರ ನಿಜ, ಅಳೆಯಬಹುದು, ತೊಂದರೆಯನ್ನು ಹೆಚ್ಚಿಸಲೂಬಹುದು. ಆದರೆ ಜ್ವರ ಎಂದಷ್ಟೇ ಚೀಟಿಯಲ್ಲಿ ಬರೆದು ಕೊಟ್ಟರೆ ನೀವು ಕೇಳುತ್ತೀರಿ, ಯಾತರ ಜ್ವರ ಎಂದು. ಇಲ್ಲೂ ಅದೇ ಪ್ರಶ್ನೆ ಕೇಳಬೇಕು.

ಕೆಲವು ಸಲ ಸೋರಿಕೆ ಔಷಧದ ಕೆಲಸವನ್ನೂ ಮಾಡುತ್ತದೆ. ಇಲಿಗಳ ಕರುಳಿಗೆ ಒಂದು ಬಗೆಯ ಸೋಂಕು ತಗುಲಿದಾಗ ದೇಹವೇ ಕ್ಲಾಡಿನ್-2 ಜಾಸ್ತಿ ಮಾಡಿ, ಕರುಳಿಗೆ ನೀರು ಬಿಟ್ಟು, ರೋಗಾಣುವನ್ನು ತೊಳೆದು ಹಾಕುತ್ತದೆ. ಕ್ಲಾಡಿನ್-2 ಇಲ್ಲದ ಇಲಿಗಳಿಗೆ ಸೋಂಕು ಇನ್ನೂ ಕೆಟ್ಟದಾಗಿ ಕಾಡಿತು. ನಿಮ್ಮ ಆ ನಾಲ್ಕು ದಿನದ ಭೇದಿಯಲ್ಲೂ ಇಂಥದ್ದೇ ಒಂದಂಶ ಇದ್ದಿರಬಹುದು.

ಈಗ ನಿಮ್ಮ ರಿಪೋರ್ಟ್. ಝೋನ್ಯುಲಿನ್ ಎಂಬುದು ಟೈಟ್ ಜಂಕ್ಷನ್ ಸಡಿಲಿಸುವ ಒಂದು ಪ್ರೋಟೀನ್. 2000ದಲ್ಲಿ ಅಲೆಸಿಯೊ ಫಸಾನೊ ಅವರ ತಂಡ ಇದಕ್ಕೆ ಆ ಹೆಸರಿಟ್ಟಿತು. ಅದು ಹ್ಯಾಪ್ಟೊಗ್ಲೋಬಿನ್ ಎಂಬ ರಕ್ತದ ಪ್ರೋಟೀನಿನ ಪೂರ್ವರೂಪ, ಅಂದರೆ ಪ್ರೀ-ಹ್ಯಾಪ್ಟೊಗ್ಲೋಬಿನ್-2 ಎಂದು 2009ರಲ್ಲಿ ಗುರುತಿಸಿದರು. ಸಂಶೋಧನೆಯ ವಿಷಯ ಸರಿ. ತೊಂದರೆ ಇರುವುದು ಮಾರುಕಟ್ಟೆಯ ಪರೀಕ್ಷೆಯಲ್ಲಿ. ಹೆಚ್ಚಾಗಿ ಬಳಸುವ ಕಿಟ್ ಆ ಪ್ರೋಟೀನನ್ನು ಹಿಡಿಯುತ್ತಲೇ ಇಲ್ಲ, ಬೇರೆ ಯಾವುದೋ ಪ್ರೋಟೀನನ್ನು ಅಳೆಯುತ್ತಿದೆ ಎಂದು 2018ರಲ್ಲಿ ತೋರಿಸಿದರು. ಹುಟ್ಟಿನಿಂದಲೇ ಝೋನ್ಯುಲಿನ್ ತಯಾರಾಗದ ಜನರಿದ್ದಾರೆ. ಅವರ ಮಾದರಿ ಕೊಟ್ಟರೂ ಈ ಕಿಟ್ ಅಂಕಿ ಕೊಡುತ್ತದೆ! ಇಂಥ ಅಂಕಿ ನಂಬಿ ಊಟ ಬಿಡುವುದು ಹೇಗೆ? ಮತ್ತೆ ಮಾಡಿಸಬೇಡಿ. ಸೋರಿಕೆ ಅಳೆಯಲು ಲ್ಯಾಕ್ಟುಲೋಸ್-ಮ್ಯಾನಿಟಾಲ್ ಎಂಬ ಪರೀಕ್ಷೆ ಇದೆ. ಒಂದು ದೊಡ್ಡ, ಒಂದು ಸಣ್ಣ ಸಕ್ಕರೆಯನ್ನು ಕುಡಿಸಿ ಮೂತ್ರದಲ್ಲಿ ಎಷ್ಟೆಷ್ಟು ಬಂತು ಎಂದು ನೋಡುತ್ತಾರೆ. ಸಂಶೋಧನೆಗೆ ಒಳ್ಳೆಯದು. ನಿಮ್ಮ ಚಿಕಿತ್ಸೆಯನ್ನು ಅದು ಬದಲಿಸುವುದಿಲ್ಲ, ಹಾಗಾಗಿ ನಾನು ಬರೆದುಕೊಡುವುದಿಲ್ಲ.

ನೋವಿನ ಮಾತ್ರೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಟೈಟ್ ಜಂಕ್ಷನ್ನಿಗೆ ಖಚಿತವಾಗಿ ತೊಂದರೆ ಕೊಡುವ ವಸ್ತು ಎಂದು ನಾನು ಬೆರಳಿಟ್ಟು ತೋರಿಸಬಲ್ಲದ್ದು ಇದೊಂದೇ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಜಾತಿಯ ಮಾತ್ರೆಗಳು ಹೊಟ್ಟೆಗೆ ಮಾತ್ರ ಕೆಡುಕು ಎಂದು ಬಹಳ ಜನ ತಿಳಿದಿದ್ದಾರೆ. ಸಣ್ಣ ಕರುಳಿಗೂ ಅಷ್ಟೇ ಕೆಡುಕು. ಕೋಶಕ್ಕೆ ಶಕ್ತಿ ತಯಾರಿಸುವ ವ್ಯವಸ್ಥೆಯನ್ನೇ ಇವು ಕೆಡಿಸುತ್ತವೆ. ಶಕ್ತಿ ಕಡಿಮೆಯಾದರೆ ಕೋಶಕ್ಕೆ ಆ ಎಳೆಗಳನ್ನು ಹದದಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಆರೋಗ್ಯವಾಗಿರುವವರಲ್ಲೂ ಇಂಥ ಮಾತ್ರೆ ನುಂಗಿದ ಒಂದು ದಿನದೊಳಗೆ ಸೋರಿಕೆ ಏರಿದ್ದನ್ನು ಅಳೆದಿದ್ದಾರೆ. ನೀವು ವಾರಕ್ಕೆ ನಾಲ್ಕೈದು ದಿನ ತೆಗೆದುಕೊಂಡರೆ ಹೊಲಿಗೆ ಹಾಕಲು ಕರುಳಿಗೆ ಪುರುಸೊತ್ತೇ ಇಲ್ಲ. ಗೋಧಿ ಬಿಡಿಸಿದವರು ಈ ಮಾತ್ರೆಯ ವಿಚಾರ ಕೇಳಲೇ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತಂದಿತು.

ಮಂಡಿ ನೋಡುವ ವೈದ್ಯರ ಹತ್ತಿರ ಮಾತಾಡಿ ಇದನ್ನು ನಿಲ್ಲಿಸಿ. ಪ್ಯಾರಾಸಿಟಮಾಲ್ ಈ ಗುಂಪಿನದಲ್ಲ, ಹೇಳಿದ ಮಿತಿಯೊಳಗೆ ತೆಗೆದುಕೊಳ್ಳಬಹುದು, ಆದರೆ ಲಿವರ್ ತೊಂದರೆ ಇದ್ದರೆ ಕೇಳಿಯೇ ತೆಗೆದುಕೊಳ್ಳಿ. ಮಂಡಿಯ ಮೇಲೆ ಹಚ್ಚುವ ಜೆಲ್‌ನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ನಿಧಾನ, ಆದರೆ ಬಾಳಿಕೆ ಬರುತ್ತದೆ. ಒಂದು ಎಚ್ಚರಿಕೆ: ಹೃದಯಕ್ಕೆಂದು ಯಾರಾದರೂ ಕಡಿಮೆ ಡೋಸಿನ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ತಾವಾಗಿಯೇ ಬಿಡಬಾರದು. ಅಲ್ಲಿನ ಲೆಕ್ಕವೇ ಬೇರೆ.

ಇನ್ನು ಗೋಧಿ. ಇಲ್ಲಿ ಒಂದು ಎಡವಟ್ಟು ಆಗಿದೆ. ದೀರ್ಘಕಾಲ ತೆಳು ಭೇದಿ, ಉಬ್ಬರ, ಸುಸ್ತು, ತೂಕ ಇಳಿತ ಇರುವ ಯಾರಿಗೇ ಆಗಲಿ ಸೀಲಿಯಾಕ್ ಇದೆಯೇ ಎಂದು ಮೊದಲು ನೋಡಬೇಕು. ಅದರ ರಕ್ತಪರೀಕ್ಷೆ, ಸೀಲಿಯಾಕ್ ಇರುವವರು ಗ್ಲುಟನ್ ತಿಂದಾಗ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ. ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತಾ ಬಂದು ಪರೀಕ್ಷೆ ಸರಿಯಿದೆ ಎಂದು ಬರಬಹುದು. ಮೂರು ತಿಂಗಳು ಬಿಟ್ಟಿರುವ ನಿಮಗೆ ಇವತ್ತು ಮಾಡಿದರೆ ಆ ಫಲಿತಾಂಶವನ್ನು ನಾನು ನಂಬಲಾರೆ. ಕನಿಷ್ಠ ಆರು ವಾರ ದಿನವೂ ಗೋಧಿ ತಿಂದು ಆಮೇಲೆ ಪರೀಕ್ಷೆ ಮಾಡಿಸಬೇಕು. ಕಷ್ಟ ಏನೆಂದರೆ, ಆ ಆರು ವಾರ ಉಬ್ಬರ ಮತ್ತೆ ಬರಬಹುದು. ತೀರಾ ಆಗದಿದ್ದರೆ ವೈದ್ಯರಿಗೆ ಹೇಳಿ, ವಂಶವಾಹಿಯ ಪರೀಕ್ಷೆಯಿಂದ ಕನಿಷ್ಠ 'ಇಲ್ಲ' ಎನ್ನುವುದನ್ನಾದರೂ ತಿಳಿಯಬಹುದು.

ಗೋಧಿ ಬಿಟ್ಟ ಮೇಲೆ ಉಬ್ಬರ ಕಡಿಮೆಯಾಯಿತು ಎಂದಿರಿ. ಅದನ್ನು ನಂಬುತ್ತೇನೆ. ಆದರೆ ಗೋಧಿಯಲ್ಲಿ ಗ್ಲುಟನ್ ಜೊತೆ ಫ್ರಕ್ಟಾನ್ ಎಂಬ ನಾರಿನಂಥ ಸಕ್ಕರೆಯೂ ಇದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಅದು ಕಡಿಮೆಯಾದದ್ದಕ್ಕೂ ಟೈಟ್ ಜಂಕ್ಷನ್ನಿಗೂ ಸಂಬಂಧ ಇರಬೇಕೆಂದೇನಿಲ್ಲ. ಹಾಲನ್ನು ಇವತ್ತಿನಿಂದಲೇ ಸ್ವಲ್ಪ ಸ್ವಲ್ಪ ವಾಪಸ್ ತನ್ನಿ. ಭೇದಿಯಾದ ಮೇಲೆ ಕೆಲವು ವಾರ ಹಾಲು ಒಗ್ಗದಿರುವುದು ಉಂಟು, ಎಂಟು ತಿಂಗಳಾದ ಮೇಲೆ ಸಾಮಾನ್ಯವಾಗಿ ಒಗ್ಗುತ್ತದೆ.

ತೂಕ ಇಳಿದದ್ದು ಊಟ ಬಿಟ್ಟದ್ದಕ್ಕೇ ಇರಬಹುದು. ಇರಬಹುದು ಎಂದು ಮಾತ್ರ ಹೇಳುತ್ತೇನೆ, ನೋಡದೆ ಬಿಡುವ ಹಾಗಿಲ್ಲ. ಇದಕ್ಕೆ ಆರು ವಾರ ಕಾಯಬೇಡಿ. ಈ ವಾರವೇ ಹಿಮೋಗ್ಲೋಬಿನ್, ಥೈರಾಯ್ಡ್, ಮಲದಲ್ಲಿ ಜಿಯಾರ್ಡಿಯಾ ಪರೀಕ್ಷೆ ಮಾಡಿಸಿ. ಜಿಯಾರ್ಡಿಯಾ ಎಂಬ ಪರಾವಲಂಬಿ ತಿಂಗಳುಗಟ್ಟಲೆ ಹೀಗೇ ಕಾಡಬಲ್ಲದು, ಔಷಧಕ್ಕೆ ಹೋಗುತ್ತದೆ. ಕರುಳಿನ ಉರಿಯೂತ ತೋರಿಸುವ ಕ್ಯಾಲ್ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆಯೂ ಬೇಕು, ಆದರೆ ನೋವಿನ ಮಾತ್ರೆಯಿಂದ ಅದೂ ಏರುತ್ತದೆ. ಮಾತ್ರೆ ಬಿಟ್ಟು ಎರಡು ವಾರವಾದ ಮೇಲೆ ಕೊಡಿ. ನಡುವೆ ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ, ಜ್ವರ ಬಂದರೆ, ಊಟ ಸರಿಯಾದ ಮೇಲೂ ತೂಕ ಇಳಿಯುತ್ತಲೇ ಹೋದರೆ ಯಾವ ಲೆಕ್ಕಾಚಾರವೂ ಬೇಡ, ಕೂಡಲೇ ತೋರಿಸಿ.

ಇವೆಲ್ಲ ಸರಿಯಿದೆ ಎಂದು ಬಂದರೆ ಉಳಿಯುವುದು ಸೋಂಕಿನ ನಂತರದ ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕೆರಳುವ ಕರುಳಿನ ತೊಂದರೆ. ಕರುಳಿನ ಸೋಂಕಾದ ಹತ್ತರಲ್ಲಿ ಒಬ್ಬರಿಗೆ ಇದು ಅಂಟಿಕೊಳ್ಳುತ್ತದೆ. ನರಗಳು ಸೂಕ್ಷ್ಮವಾಗಿರುತ್ತವೆ, ಕೆಲವರಲ್ಲಿ ಸಂದೂ ಸ್ವಲ್ಪ ಸಡಿಲ ಇರುತ್ತದೆ. ನರಳಾಟ ನಿಜ, ಆದರೆ ಜೀವಕ್ಕೆ ಅಪಾಯವಿಲ್ಲ. ಬಹಳ ಜನರಿಗೆ ಕಾಲ ಕಳೆದಂತೆ ತಗ್ಗುತ್ತದೆ.

ಪುಡಿಯ ಬಗ್ಗೆ ಒಂದು ಮಾತು. ನೀವು ಅದರಲ್ಲಿ ಏನಿದೆ ಎಂದು ಬರೆದಿಲ್ಲ. ಇಂಥವುಗಳಲ್ಲಿ ಸಾಮಾನ್ಯವಾಗಿ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಸೋಂಕಿನ ನಂತರದ ಭೇದಿ ಇದ್ದು, ಸೋರಿಕೆ ಜಾಸ್ತಿ ಎಂದು ಅಳೆದು ಖಚಿತವಾದ ನೂರರ ಆಸುಪಾಸಿನ ಜನರಿಗೆ ದಿನಕ್ಕೆ ಮೂರು ಸಲ 5 ಗ್ರಾಂನಂತೆ ಎಂಟು ವಾರ ಗ್ಲುಟಮಿನ್ ಕೊಟ್ಟು ನೋಡಿದ ಒಂದು ಪರೀಕ್ಷೆ 2019ರಲ್ಲಿ ಬಂತು. ಅರ್ಧ ಜನರಿಗೆ ಗ್ಲುಟಮಿನ್, ಇನ್ನರ್ಧಕ್ಕೆ ಸುಳ್ಳು ಪುಡಿ. ಫಲ ಚೆನ್ನಾಗಿತ್ತು, ಅಚ್ಚರಿಪಡುವಷ್ಟು. ಅಷ್ಟು ಚೆನ್ನಾಗಿ ಬಂದಾಗ ಇನ್ನೊಂದು ಕಡೆ, ಇನ್ನೂ ಹೆಚ್ಚು ಜನರ ಮೇಲೆ ಮಾಡಿ ನೋಡುವ ತನಕ ನಾನು ಕೈಕಟ್ಟಿ ಕಾಯುವವನು. ಟೈಟ್ ಜಂಕ್ಷನ್ ಬಿಗಿ ಮಾಡಲೆಂದೇ ರೂಪಿಸಿದ ಲಾರಾಜೊಟೈಡ್ ಎಂಬ ಔಷಧವೂ ಮೊದಮೊದಲು ಆಸೆ ಹುಟ್ಟಿಸಿತ್ತು. ಸೀಲಿಯಾಕ್ ರೋಗಿಗಳಲ್ಲಿ ನಡೆದ ಮೂರನೇ ಹಂತದ ಪರೀಕ್ಷೆಯನ್ನು 2022ರಲ್ಲಿ ಅರ್ಧದಲ್ಲೇ ನಿಲ್ಲಿಸಿದರು. ನಿಮ್ಮ ಪುಡಿ ಗ್ಲುಟಮಿನ್ ಮಾತ್ರ ಆಗಿದ್ದು, ಲಿವರ್, ಕಿಡ್ನಿ ಚೆನ್ನಾಗಿದ್ದರೆ ಪರೀಕ್ಷೆಗಳು ಮುಗಿದ ಮೇಲೆ ಎಂಟು ವಾರ ನೋಡಬಹುದು. ಗುಣ ಕಾಣದಿದ್ದರೆ ಬಿಡಿ. ಸತು ಹಾಕಿದ ಪುಡಿಯಾಗಿದ್ದರೆ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಡಿ, ಸತು ಜಾಸ್ತಿಯಾದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಏನಿದೆ ಎಂದೇ ಬರೆಯದ ಡಬ್ಬಿಯಾಗಿದ್ದರೆ ಇವತ್ತೇ ನಿಲ್ಲಿಸಿ.

ಮಗಳ ವಿಚಾರ ಕೊನೆಗೆ ಬರೆದಿದ್ದೀರಿ, ಮನಸ್ಸಿನಲ್ಲಿ ಅದೇ ಮೊದಲಿತ್ತು ಎಂದು ಕಾಣುತ್ತದೆ. ಸೋಂಕಿನ ನಂತರದ ಐಬಿಎಸ್ ಆಗಿದ್ದರೆ ಅವಳ ಬಗ್ಗೆ ಏನೂ ಮಾಡಬೇಕಾಗಿಲ್ಲ. ನಿಮಗೆ ಸೀಲಿಯಾಕ್ ಎಂದು ಬಂದರೆ ಮಾತ್ರ ಅವಳಿಗೂ ರಕ್ತಪರೀಕ್ಷೆ ಮಾಡಿಸಿ, ಏಕೆಂದರೆ ಹತ್ತಿರದ ರಕ್ತಸಂಬಂಧಿಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಅದು ಇರುತ್ತದೆ. ಅಲ್ಲಿಯ ತನಕ ಅವಳ ತಟ್ಟೆಯಿಂದ ಗೋಧಿ, ಹಾಲು ಯಾವುದನ್ನೂ ತೆಗೆಯಬೇಡಿ.